ಚಂದ್ರನ ಅಳಗುಳಿಮಣೆ

ಚಂದ್ರಬಿಂಬದ ನಟ್ಟನಡುವಿನಿಂದ ತುಸು ಕೆಳಗೆ, ‘ಮೋಡಗಳ ಕಡಲು’ ಎಂದು ಹೆಸರಿಟ್ಟುಕೊಂಡ ಒಣ ಬಯಲಿನ ಪೂರ್ವದಂಚಿನಲ್ಲಿ, 23 ಕುಳಿಗಳು ಒಂದರ ಹಿಂದೊಂದು ಸಾಲುಗಟ್ಟಿವೆ. ಸಾಲಿನ ಉದ್ದ ಸುಮಾರು 50 ಕಿ.ಮೀ.; ಬೆಂಗಳೂರಿನಿಂದ ರಾಮನಗರಕ್ಕೆ ಇರುವಷ್ಟು ದೂರ. ಒಂದೊಂದು ಕುಳಿಯ ಅಗಲ ಒಂದರಿಂದ ಮೂರು ಕಿ.ಮೀ. ಮಹಾರಾಷ್ಟ್ರದ ಲೋಣಾರ್ ಸರೋವರವನ್ನು ನೋಡಿದವರಿಗೆ ಈ ಅಳತೆ ಥಟ್ಟನೆ ಹೊಳೆದೀತು. ಬಾಹ್ಯಾಕಾಶದ ಬಂಡೆ ಬಡಿದು ಆದ ಲೋಣಾರ್ ಕುಳಿಯ ಅಗಲ 1.8 ಕಿ.ಮೀ. ಅಂಥ ಎರಡು ಡಜನ್ ಕುಳಿಗಳನ್ನು ಯಾರೋ ಅಳಗುಳಿಮಣೆಯ ಗುಳಿಗಳಂತೆ ಒಂದೇ ಸಾಲಿನಲ್ಲಿ ತೋಡಿಟ್ಟ ಹಾಗಿದೆ ನೋಟ. ನಕಾಶೆಯಲ್ಲಿ ಇದರ ಹೆಸರು ಕಟೇನಾ ಡೇವಿ.

ಮಳೆಯ ಮೊದಲ ಹನಿಗಳು ಅಂಗಳದ ಧೂಳಿನಲ್ಲಿ ಎಲ್ಲೆಂದರಲ್ಲಿ ಗುಳಿ ಮಾಡುತ್ತವೆ. ಆಕಾಶದಿಂದ ಬೀಳುವ ಕಲ್ಲುಗಳೂ ಹಾಗೆಯೇ, ಅವಕ್ಕೆ ಸಾಲು ಗೊತ್ತಿಲ್ಲ. ಚಂದ್ರನ ಮೇಲೆ ಕೋಟಿಗಟ್ಟಲೆ ಕುಳಿಗಳಿರುವಾಗ ಎರಡು ಮೂರು ಅಕಸ್ಮಾತ್ತಾಗಿ ನೇರ ಗೆರೆಯಲ್ಲಿ ಬಿದ್ದಿದ್ದರೆ ಸರಿ. ಇಪ್ಪತ್ಮೂರು ಕುಳಿಗಳು, ಹೆಚ್ಚುಕಡಿಮೆ ಒಂದೇ ಗಾತ್ರದವು, ದಾರ ಹಿಡಿದು ತೋಡಿದಂತೆ ನಿಂತರೆ ಅದಕ್ಕೊಂದು ಕಾರಣ ಬೇಕೇ ಬೇಕು.

ಆ ಕಾರಣ ಸಿಕ್ಕಿತೆಂದು ನಂಬಿದ್ದ ಕಾಲವೂ ಒಂದಿತ್ತು. ಅಪೊಲೊ ಗಗನಯಾತ್ರಿಗಳನ್ನು ಎಲ್ಲೆಲ್ಲಿ ಇಳಿಸಬೇಕೆಂದು ಅಮೆರಿಕದ ವಿಜ್ಞಾನಿಗಳು ಲೆಕ್ಕ ಹಾಕುತ್ತಿದ್ದಾಗ, ಒಂದು ಹಂತದಲ್ಲಿ ಡೇವಿ ಸಾಲು ಕೂಡ ಪಟ್ಟಿಯಲ್ಲಿತ್ತು. ಅವರ ತರ್ಕ ಸರಳವಾಗಿತ್ತು. ನೆಲದಡಿ ಉದ್ದನೆಯ ಬಿರುಕು ಬಿಟ್ಟಿರಬೇಕು, ಅದರುದ್ದಕ್ಕೂ ಅಲ್ಲಲ್ಲಿ ಅನಿಲ ಸಿಡಿದು ಈ ಗುಳಿಗಳಾಗಿರಬೇಕು. ಹಾಗಿದ್ದರೆ ಅವುಗಳ ದಡದಲ್ಲಿ ಚಂದ್ರನ ಒಡಲಿನ ಆಳದಿಂದ ಚಿಮ್ಮಿ ಬಂದ ಕಲ್ಲುಗಳು ಬಿದ್ದಿರುತ್ತವೆ, ಕೊರೆಯುವ ಕಷ್ಟವಿಲ್ಲದೆ ಹೆಕ್ಕಿ ತರಬಹುದು. ಕೊನೆಗೆ ಅಲ್ಲಿಗೆ ಯಾರೂ ಹೋಗಲಿಲ್ಲ. ಹೋಗಿದ್ದರೆ ಬೇರೆಯದೇ ಕಲ್ಲುಗಳು ಸಿಗುತ್ತಿದ್ದವು ಎಂಬುದು ಇಂದಿನ ತಿಳಿವಳಿಕೆ.

ಇಂಥ ಸಾಲಿಗೆ ಖಗೋಳಶಾಸ್ತ್ರಜ್ಞರು ಇಟ್ಟಿರುವ ಹೆಸರು ‘ಕಟೇನಾ’. ಲ್ಯಾಟಿನ್ ಭಾಷೆಯಲ್ಲಿ ಸರಪಳಿ ಎಂದರ್ಥ. ಚಂದ್ರನ ಮೇಲೆ ಅಧಿಕೃತ ಹೆಸರು ಪಡೆದ ಸರಪಳಿಗಳು ಇಪ್ಪತ್ತರ ಆಸುಪಾಸು ಇವೆ. ಹೆಸರಿಲ್ಲದವು ಲೆಕ್ಕಕ್ಕೆ ಸಿಗದಷ್ಟು. ಸಾಮಾನ್ಯವಾಗಿ ಪಕ್ಕದ ದೊಡ್ಡ ಕುಳಿಯ ಹೆಸರೇ ಸಾಲಿಗೂ ಬರುತ್ತದೆ. ಡೇವಿ ಎಂದರೆ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ. ಆ ಸಾಲಿನ ಆರು ಪುಟ್ಟ ಕುಳಿಗಳಿಗೆ ಮಾತ್ರ ಅಲನ್, ಡೀಲಿಯಾ, ಹೆರಾಲ್ಡ್, ಉಸ್ಮಾನ್, ಪ್ರಿಸಿಲ್ಲಾ, ಸೂಸನ್ ಎಂದು ಮನೆಮಕ್ಕಳನ್ನು ಕರೆಯುವಂಥ ಹೆಸರುಗಳಿವೆ. ಚಂದ್ರನ ಬೆನ್ನಿನ ಭಾಗದ ಮೂರು ಸಾಲುಗಳ ಹೆಸರಿನ ಜೊತೆ ಜಿಡಿಎಲ್, ಗಿರ್ಡ್, ಆರ್‌ಎನ್‌ಐಐ ಎಂಬ ಬಾಲ ಅಂಟಿಕೊಂಡಿದೆ. ಇವು ಸೋವಿಯತ್ ಒಕ್ಕೂಟದಲ್ಲಿ ರಾಕೆಟ್ ವಿದ್ಯೆಗೆ ಬುನಾದಿ ಹಾಕಿದ ಪ್ರಯೋಗಾಲಯ ಮತ್ತು ಸಂಘಗಳ ಹೆಸರುಗಳು. ಚಂದ್ರನ ಆ ಮುಖದ ಫೋಟೊವನ್ನು 1959ರಲ್ಲಿ ಮೊದಲು ತೆಗೆದದ್ದು ಸೋವಿಯತ್ ನೌಕೆ ಲೂನಾ-3.

ಹೆಸರು ಒಂದೇ ಆದರೂ ಸರಪಳಿಗಳ ಜಾತಿ ಒಂದೇ ಅಲ್ಲ. ದೂರದಿಂದ ನೋಡಿದರೆ ಎಲ್ಲವೂ ಗುಳಿಗಳ ಸಾಲು. ಹತ್ತಿರದಿಂದ ನೋಡಿದರೆ ಕನಿಷ್ಠ ಮೂರು ಬಗೆಯ ಹುಟ್ಟು ಕಾಣುತ್ತದೆ. ಒಂದು ನೆಲದಡಿಯದು, ಇನ್ನೊಂದು ನೆರೆಯದು, ಮತ್ತೊಂದು ದೂರದ ಆಕಾಶದ್ದು.

ಮೊದಲನೆಯದರ ಕಡೆಗೇ ಬಹುಕಾಲ ಎಲ್ಲರ ಒಲವು ಇತ್ತು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎರಡು ಪ್ರಯೋಗ ಮಾಡಿ ನೋಡಿದ. ನೀರು ಬೆರೆಸಿದ ಜೇಡಿಮಣ್ಣಿನ ಮೇಲೆ ಗುಂಡುಗಳನ್ನು ಬೀಳಿಸಿದ, ಚಂದ್ರನ ಮೇಲಿರುವಂಥದ್ದೇ ಗುಳಿಗಳಾದವು. ಬಿಳಿಕಲ್ಲಿನ ಪುಡಿಯನ್ನು ಕುದಿಸಿದ, ಗುಳ್ಳೆಗಳು ಒಡೆದು ಮತ್ತೆ ಅಂಥದ್ದೇ ಗುಳಿಗಳಾದವು. ಚಂದ್ರನ ಮೇಲೆ ಬೀಳಲು ಗುಂಡುಗಳು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಹುಕ್ ಕುದಿತವನ್ನೇ ಆರಿಸಿಕೊಂಡ. ಮುಂದಿನ ಸುಮಾರು ಮುನ್ನೂರು ವರ್ಷ ಚಂದ್ರನ ಕುಳಿಗಳೆಂದರೆ ಆರಿದ ಜ್ವಾಲಾಮುಖಿಗಳು ಎಂಬ ಮಾತೇ ಪಾಠವಾಯಿತು. 1893ರಲ್ಲಿ ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಇಲ್ಲ, ಇವು ಹೊಡೆತದ ಗುರುತುಗಳು ಎಂದರೂ ಹೆಚ್ಚು ಜನ ಕಿವಿಗೊಡಲಿಲ್ಲ.

ನೆಲದಡಿಯ ಕಾರಣ ಪೂರ್ತಿ ಸುಳ್ಳೇನೂ ಅಲ್ಲ. ಚಂದ್ರಬಿಂಬದ ನಡುಭಾಗದಲ್ಲೇ ಹೈಜಿನಸ್ ಎಂಬ ಸೀಳು ಇದೆ, ಉದ್ದ 220 ಕಿ.ಮೀ. ಆಸುಪಾಸು. ಅದರ ನಡುವೆ ಸುಮಾರು 10 ಕಿ.ಮೀ. ಅಗಲದ ಕುಳಿ, ಸೀಳಿನುದ್ದಕ್ಕೂ ಚಿಕ್ಕ ಗುಂಡಿಗಳ ಸರ. ಬಡಿತದಿಂದಾದ ಕುಳಿಗಳ ಸುತ್ತ ಬಾವಿ ತೋಡಿದಾಗ ರಾಶಿ ಬೀಳುವ ಮಣ್ಣಿನಂತೆ ಎತ್ತರದ ಏರಿ ಇರುತ್ತದೆ. ಹೈಜಿನಸ್ ಗುಂಡಿಗಳಿಗೆ ಆ ಏರಿ ಇಲ್ಲ. ಅಲ್ಲಿ ಮೇಲಿನಿಂದ ಏನೂ ಬಡಿದಿಲ್ಲ, ಕೆಳಗಿನ ಆಧಾರ ತಪ್ಪಿ ನೆಲ ಕುಸಿದಿದೆ. ಭಾರಿ ಮಳೆಯ ಮರುದಿನ ಹಳೆಯ ಒಳಚರಂಡಿಯ ಮೇಲಿನ ರಸ್ತೆ ಅಲ್ಲಲ್ಲಿ ಗುಂಡಿ ಬೀಳುವಂತೆ ಎಂದುಕೊಳ್ಳಬಹುದು.

ಜ್ವಾಲಾಮುಖಿ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1972ರ ಏಪ್ರಿಲ್‌ನಲ್ಲಿ. ಅಪೊಲೊ-16ರ ಜಾನ್ ಯಂಗ್ ಮತ್ತು ಚಾರ್ಲ್ಸ್ ಡ್ಯೂಕ್ ಡೆಕಾರ್ಟ್ ಎಂಬ ಎತ್ತರದ ಪ್ರದೇಶದಲ್ಲಿ ಇಳಿದರು. ಅದು ಲಾವಾ ಹರಿದು ಆದ ಭೂಮಿ ಎಂದು ತಜ್ಞರು ಹೇಳಿ ಕಳಿಸಿದ್ದರು. ಇಬ್ಬರೂ ಎಷ್ಟು ಅಲೆದರೂ ಸಿಕ್ಕಿದ್ದು ಬಡಿತಕ್ಕೆ ಪುಡಿಯಾಗಿ ಮತ್ತೆ ಬೆಸೆದುಕೊಂಡ ಚೂರುಕಲ್ಲುಗಳು. ಅಂದಿನಿಂದ ಚಂದ್ರನ ಸಾಲುಗುಳಿಗಳನ್ನು ನೋಡುವ ಕಣ್ಣೂ ಬದಲಾಯಿತು.

ಎರಡನೆಯ ಜಾತಿಯೇ ಚಂದ್ರನ ಮೇಲೆ ಅತಿ ಹೆಚ್ಚು. ಸುಮಾರು 80 ಕೋಟಿ ವರ್ಷಗಳ ಹಿಂದೆ ದೊಡ್ಡ ಬಂಡೆಯೊಂದು ಬಡಿದು ಕೋಪರ್ನಿಕಸ್ ಎಂಬ 90 ಕಿ.ಮೀ. ಮೀರಿದ ಅಗಲದ ಕುಳಿಯಾಯಿತು. ಆಗ ಎದ್ದ ಕಲ್ಲುಮಣ್ಣು ಎಲ್ಲ ಕಡೆಗೂ ಸಮನಾಗಿ ಹರಡಲಿಲ್ಲ. ಕೆಸರಿಗೆ ಕಲ್ಲೆಸೆದರೆ ರಾಡಿ ಎಳೆಎಳೆಯಾಗಿ ಸಿಡಿಯುವಂತೆ ಉದ್ದುದ್ದ ಧಾರೆಗಳಾಗಿ ಹಾರಿತು. ಒಂದು ಧಾರೆಯ ಕಲ್ಲುಗಳೆಲ್ಲ ಒಂದೇ ದಿಕ್ಕಿಗೆ, ಆದರೆ ತುಸು ತುಸು ಬೇರೆ ವೇಗದಲ್ಲಿ ಹೊರಟವು. ಮಂದಗತಿಯವು ಹತ್ತಿರ ಬಿದ್ದವು, ಬಿರುಸಿನವು ದೂರ ಬಿದ್ದವು, ನೆಲದ ಮೇಲೆ ಗೆರೆ ಮೂಡಿತು. ಕೋಪರ್ನಿಕಸ್‌ನ ಪಕ್ಕದಲ್ಲಿ ಸ್ಟೇಡಿಯಸ್ ಎಂಬ ಅರ್ಧ ಹೂತುಹೋದ ಹಳೆಯ ಕುಳಿಯ ಬಳಿ ಇಂಥ ಸಾಲುಗಳು ಎಷ್ಟು ಒತ್ತಾಗಿವೆ ಎಂದರೆ, ಹಳೆಯ ನಕಾಶೆಗಳಲ್ಲಿ ಅವುಗಳಲ್ಲೊಂದನ್ನು ನೆಲದ ಸೀಳು ಎಂದೇ ಗುರುತಿಸಲಾಗಿತ್ತು.

ಇವನ್ನು ಮರಿಕುಳಿಗಳು ಎನ್ನಬಹುದು. ತಾಯಿಕುಳಿಯಿಂದ ಇವನ್ನು ಬೇರೆ ಮಾಡಿ ತೋರಿಸುವ ಗುರುತು ಸ್ಪಷ್ಟ. ಬಾಹ್ಯಾಕಾಶದಿಂದ ಬರುವ ಬಂಡೆ ಸೆಕೆಂಡಿಗೆ 15ರಿಂದ 20 ಕಿ.ಮೀ. ವೇಗದಲ್ಲಿ ಬಡಿಯುತ್ತದೆ. ಚಂದ್ರನ ನೆಲದಿಂದಲೇ ಎದ್ದ ಕಲ್ಲು ಸೆಕೆಂಡಿಗೆ 2.4 ಕಿ.ಮೀ. ವೇಗ ಮುಟ್ಟಿದರೆ ಚಂದ್ರನನ್ನೇ ಬಿಟ್ಟು ಹೊರಟುಹೋಗುತ್ತದೆ. ಹಾಗಾಗಿ ವಾಪಸು ಬೀಳುವ ಕಲ್ಲು ಯಾವತ್ತೂ ಅದಕ್ಕಿಂತ ನಿಧಾನದ್ದು. ನಿಧಾನವಾಗಿ, ಓರೆಯಾಗಿ ಬಿದ್ದ ಕಲ್ಲಿನ ಕುಳಿ ಆಳವಿಲ್ಲದ್ದು, ಸೊಟ್ಟಗಿನದು. ಪಕ್ಕಪಕ್ಕದ ಎರಡು ಕಲ್ಲು ಒಟ್ಟಿಗೇ ಬಿದ್ದರೆ ಎರಡೂ ಕಡೆಯಿಂದ ಎದ್ದ ಮಣ್ಣು ನಡುವೆ ಡಿಕ್ಕಿ ಹೊಡೆದು ಬಾಣದ ತುದಿಯ ಆಕಾರದ ದಿಣ್ಣೆಯಾಗುತ್ತದೆ. ಸಾಲಿನುದ್ದಕ್ಕೂ ಇಂಥ ದಿಣ್ಣೆಗಳು ಕೂಡಿ ಮೀನಿನ ಮುಳ್ಳಿನಂಥ ಚಿತ್ತಾರ ಮೂಡುತ್ತದೆ. ನಾಸಾದ ಏಮ್ಸ್ ಕೇಂದ್ರದ ವರ್ನ್ ಓಬರ್‌ಬೆಕ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ ಮರಳಿಗೆ ಜೋಡಿ ಗುಂಡು ಹೊಡೆದು ಇದೇ ಚಿತ್ತಾರವನ್ನು ಪ್ರಯೋಗಾಲಯದಲ್ಲಿ ಮೂಡಿಸಿ ತೋರಿಸಿದರು.

ಮರಿಕುಳಿಗಳು ಎಷ್ಟು ದೂರ ಬೀಳಬಲ್ಲವು? 1972ರ ಡಿಸೆಂಬರ್‌ನಲ್ಲಿ ಅಪೊಲೊ-17 ಇಳಿದ ಕಣಿವೆಯಲ್ಲೊಂದು ಕುಳಿಗಳ ಗುಂಪಿದೆ, ಪಕ್ಕದ ಬೆಟ್ಟದಿಂದ ಜಾರಿಬಂದ ತಿಳಿಬಣ್ಣದ ಮಣ್ಣಿನ ಹಾಸೂ ಇದೆ. ಎರಡಕ್ಕೂ ಕಾರಣ 2,000 ಕಿ.ಮೀ.ಗೂ ದೂರದ ಟೈಕೊ ಕುಳಿ ಎಂಬುದು ವಿಜ್ಞಾನಿಗಳ ತೀರ್ಮಾನ. ಅಲ್ಲಿಂದ ಸಿಡಿದ ಕಲ್ಲುಗಳು ಈ ಕಣಿವೆಗೂ ಬೆಟ್ಟಕ್ಕೂ ಬಡಿದವು. ಗಗನಯಾತ್ರಿಗಳು ತಂದ ಮಾದರಿಗಳಿಂದ ಆ ಘಟನೆಯ ವಯಸ್ಸು ಸುಮಾರು 11 ಕೋಟಿ ವರ್ಷ ಎಂದು ಲೆಕ್ಕ ಸಿಕ್ಕಿತು. ಟೈಕೊ ಬಳಿ ಯಾವ ಮನುಷ್ಯನೂ ಹೋಗಿಲ್ಲ. ಅದರ ವಯಸ್ಸು ಗೊತ್ತಾದದ್ದು ಅದು ಎಸೆದ ಕಲ್ಲಿನಿಂದ.

ತಾಯಿ ದೊಡ್ಡದಾದಷ್ಟೂ ಮರಿಗಳೂ ದೊಡ್ಡವು. ನೆಕ್ಟಾರಿಸ್ ಎಂಬ ಪುರಾತನ ಬೋಗುಣಿಯಿಂದ, ಅಂದರೆ ಭಾರಿ ಗಾತ್ರದ ಕುಳಿಯಿಂದ, ಹೊರಟಿರುವ ರೈಟಾ ಕಣಿವೆ 440 ಕಿ.ಮೀ.ಗೂ ಉದ್ದ. ಹೆಸರಿಗೆ ಕಣಿವೆ, ನಿಜದಲ್ಲಿ ಒಂದರ ಮೇಲೊಂದು ಬಿದ್ದು ಬೆರೆತುಹೋದ ಕುಳಿಗಳ ಸಾಲು. ಚಂದ್ರನ ದಕ್ಷಿಣ ಧ್ರುವದ ಬಳಿಯ ಶ್ರೋಡಿಂಗರ್ ಬೋಗುಣಿಯಿಂದ ಇಂಥ ಎರಡು ಭಾರಿ ಗೀರುಗಳು ಹೊರಟಿವೆ. 2025ರಲ್ಲಿ ವಿಜ್ಞಾನಿ ಡೇವಿಡ್ ಕ್ರಿಂಗ್ ಅವರ ತಂಡ ಪ್ರಕಟಿಸಿದ ಲೆಕ್ಕದಂತೆ ಒಂದರ ಉದ್ದ 270 ಕಿ.ಮೀ., ಆಳ 2.7 ಕಿ.ಮೀ. ಇನ್ನೊಂದರ ಉದ್ದ 280 ಕಿ.ಮೀ., ಆಳ 3.5 ಕಿ.ಮೀ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಇಷ್ಟು ಆಳವಿಲ್ಲ. ಅದನ್ನು ಕೊರೆಯಲು ಕೊಲರಾಡೊ ನದಿಗೆ ಲಕ್ಷಾಂತರ ವರ್ಷಗಳು ಬೇಕಾದವು. ಚಂದ್ರನ ಈ ಎರಡು ಕಮರಿಗಳು ಸುಮಾರು 380 ಕೋಟಿ ವರ್ಷಗಳ ಹಿಂದೆ, ಹತ್ತು ನಿಮಿಷದೊಳಗೆ ಆಗಿಹೋದವು.

ಇಷ್ಟೆಲ್ಲ ತಿಳಿದ ಮೇಲೂ ಡೇವಿ ಸಾಲು ಒಗಟಾಗಿಯೇ ಉಳಿಯಿತು. ಮರಿಕುಳಿ ಎನ್ನೋಣವೆಂದರೆ ಸಾಲನ್ನು ಹಿಂದಕ್ಕೆ ಎಳೆದುಕೊಂಡು ಹೋದಾಗ ಸಿಗಬೇಕಾದ ತಾಯಿಕುಳಿ ಸಿಗುವುದಿಲ್ಲ. ನೆಲದ ಬಿರುಕು ಎನ್ನೋಣವೆಂದರೆ ಅಲ್ಲಿ ಸೀಳಿನ ಗುರುತಿಲ್ಲ. ಹಳೆಯದೊಂದು ಕುಳಿಯ ಸಮತಟ್ಟು ನೆಲದಲ್ಲಿ ಹೊರಟ ಸಾಲು ಅದರ ಅಂಚನ್ನೂ ಹತ್ತಿ ಆಚೆಗೆ ಸಾಗುತ್ತದೆ, ತಗ್ಗು ದಿಣ್ಣೆ ಎಂದು ನೋಡುವುದಿಲ್ಲ. ಅಬುಲ್‌ಫಿದಾ ಕುಳಿಯ ಅಂಚಿನಿಂದ ಆಲ್ಟಾಯ್ ಎಂಬ ಕಡಿದಾದ ದಡದತ್ತ 200 ಕಿ.ಮೀ. ಮೀರಿ ಚಾಚಿಕೊಂಡ ಇನ್ನೊಂದು ಸಾಲಿನದೂ ಇದೇ ತಕರಾರು.

ಉತ್ತರದ ಸುಳಿವು ಸಿಕ್ಕಿದ್ದು ಚಂದ್ರನಲ್ಲಲ್ಲ, ಗುರುಗ್ರಹದ ಬಳಿ. 1979ರಲ್ಲಿ ವಾಯೇಜರ್ ನೌಕೆಗಳು ಗುರುವಿನ ಉಪಗ್ರಹ ಕ್ಯಾಲಿಸ್ಟೋದ ಚಿತ್ರ ಕಳಿಸಿದಾಗ ಅದರ ಹಿಮದ ಮೈಮೇಲೆ ನೇರ ಗೆರೆಯಂಥ ಕುಳಿಸಾಲುಗಳು ಕಂಡವು. ಅವುಗಳಲ್ಲಿ ಉದ್ದನೆಯದು 600 ಕಿ.ಮೀ. ದಾಟಿದೆ. ತಾಯಿಕುಳಿ ಅಲ್ಲೂ ಇಲ್ಲ. ಹದಿನಾಲ್ಕು ವರ್ಷ ಈ ಚಿತ್ರಗಳು ಒಗಟಾಗಿಯೇ ಇದ್ದವು. 1993ರ ಮಾರ್ಚ್‌ನಲ್ಲಿ ಕ್ಯಾರೊಲಿನ್ ಶೂಮೇಕರ್, ಯೂಜೀನ್ ಶೂಮೇಕರ್ ದಂಪತಿ ಮತ್ತು ಡೇವಿಡ್ ಲೆವಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದಲ್ಲಿ ತೆಗೆದ ಫೋಟೊದಲ್ಲಿ ಅದುಮಿ ಚಪ್ಪಟೆ ಮಾಡಿದಂಥ ವಿಚಿತ್ರ ಧೂಮಕೇತು ಕಂಡಿತು. ದೊಡ್ಡ ದೂರದರ್ಶಕಗಳಲ್ಲಿ ನೋಡಿದರೆ ಅದು ಒಂದಲ್ಲ, ಸುಮಾರು ಇಪ್ಪತ್ತು ತುಂಡುಗಳ ಮಣಿಸರ. 1992ರ ಜುಲೈನಲ್ಲಿ ಗುರುವಿಗೆ ತೀರಾ ಹತ್ತಿರ ಹಾದುಹೋದಾಗ ಅದು ಒಡೆದಿತ್ತು. 1994ರ ಜುಲೈ 16ರಿಂದ 22ರವರೆಗೆ ಆ ತುಂಡುಗಳು ಒಂದರ ಹಿಂದೊಂದು ಗುರುವಿಗೇ ಬಡಿದದ್ದನ್ನು ಜಗತ್ತಿನ ದೂರದರ್ಶಕಗಳೆಲ್ಲ ನೋಡಿದವು. ಗುರುವಿನ ಮೋಡಗಳ ಮೇಲೆ ಎದ್ದ ಕಪ್ಪು ಕಲೆಗಳಲ್ಲಿ ದೊಡ್ಡವು ಭೂಮಿಯಷ್ಟೇ ಅಗಲವಿದ್ದವು.

ಒಡೆದ ಧೂಮಕೇತುವಿಗೂ ಕ್ಯಾಲಿಸ್ಟೋದ ಕುಳಿಸಾಲಿಗೂ ವಿಜ್ಞಾನಿಗಳಾದ ಜೇ ಮೆಲೊಶ್ ಮತ್ತು ಪಾಲ್ ಶೆಂಕ್ 1993ರಲ್ಲೇ ಗಂಟು ಹಾಕಿದರು. ಇಂಥದ್ದೇ ಮಣಿಸರ ಒಡೆದ ಕೂಡಲೇ ದಾರಿಯಲ್ಲಿ ಸಿಕ್ಕ ಕ್ಯಾಲಿಸ್ಟೋಗೆ ಬಡಿದರೆ? ಸಾಲುಗುಳಿ ಸಿದ್ಧ. ಮರುವರ್ಷ ಮೆಲೊಶ್, ಎವೆನ್ ವಿಟೇಕರ್ ಜೊತೆ ಸೇರಿ ಈ ವಿಚಾರವನ್ನು ನಮ್ಮ ಚಂದ್ರನಿಗೂ ಅನ್ವಯಿಸಿ ನೋಡಿದರು. ಅಲ್ಲಿ ಒಡೆಯುವ ಕೆಲಸ ಮಾಡಿದ್ದು ಗುರು. ಇಲ್ಲಿ ಮಾಡಿದ್ದು ಭೂಮಿ.

ಒಡೆಯುವುದು ಹೇಗೆ? ಕಡಲಿನ ಉಬ್ಬರ ಎಬ್ಬಿಸುವ ಬಲವೇ ಇದನ್ನೂ ಮಾಡುತ್ತದೆ. ಭೂಮಿಗೆ ತೀರಾ ಸಮೀಪ ಹಾಯುವ ಕ್ಷುದ್ರಗ್ರಹದ ಹತ್ತಿರದ ಬದಿಯನ್ನು ಭೂಮಿ ಹೆಚ್ಚು ಜೋರಾಗಿ ಎಳೆಯುತ್ತದೆ, ಆಚೆ ಬದಿಯನ್ನು ಕಡಿಮೆ. ಈ ವ್ಯತ್ಯಾಸ ಅದನ್ನು ಉದ್ದಕ್ಕೆ ಹಿಗ್ಗಿಸುತ್ತದೆ. ಗಟ್ಟಿ ಬಂಡೆಯಾದರೆ ತಡೆದುಕೊಂಡೀತು. ಆದರೆ ಹಲವು ಕ್ಷುದ್ರಗ್ರಹಗಳು ಬಂಡೆಗಳೇ ಅಲ್ಲ, ಕಲ್ಲುಮಣ್ಣಿನ ಸಡಿಲ ರಾಶಿಗಳು. ಜಪಾನಿನ ಹಯಾಬುಸಾ ನೌಕೆ 2005ರಲ್ಲಿ ಕಂಡ ಇಟೊಕಾವಾ ಅಂಥದ್ದು. 2020ರ ಅಕ್ಟೋಬರ್‌ನಲ್ಲಿ ನಾಸಾದ ನೌಕೆ ಬೆನ್ನು ಎಂಬ ಕ್ಷುದ್ರಗ್ರಹವನ್ನು ಮುಟ್ಟಿದಾಗ ಅದರ ಯಂತ್ರದ ತೋಳು ಹೊಟ್ಟಿನ ರಾಶಿಗೆ ಕೈ ಹಾಕಿದಂತೆ ಅರ್ಧ ಮೀಟರಿನಷ್ಟು ಒಳಗೆ ಇಳಿಯಿತು. ಇಂಥ ರಾಶಿ ಭೂಮಿಯ ಬಳಿ ಹಾದಾಗ ಎಳೆದ ಹಿಟ್ಟಿನಂತೆ ಉದ್ದವಾಗಿ, ಮತ್ತೆ ಮುದ್ದೆ ಮುದ್ದೆಯಾಗಿ ಒಡೆಯುತ್ತದೆ.

ಆ ಸರ ಚಂದ್ರನನ್ನು ತಲುಪಲು ಹೆಚ್ಚು ಹೊತ್ತು ಬೇಡ. ನಡುವಿನ ದೂರ ಸರಾಸರಿ 3,84,000 ಕಿ.ಮೀ. ಸೆಕೆಂಡಿಗೆ 10ರಿಂದ 15 ಕಿ.ಮೀ. ವೇಗವೆಂದರೆ ಏಳರಿಂದ ಹನ್ನೊಂದು ಗಂಟೆಯ ದಾರಿ. ಅಷ್ಟರಲ್ಲಿ ಮುದ್ದೆಗಳು ಒಂದಕ್ಕೊಂದು ಬಹಳ ದೂರವಾಗಿರುವುದಿಲ್ಲ. ಡೇವಿ ಸಾಲು ಅಷ್ಟು ಗಿಡ್ಡ, ಅಷ್ಟು ಒತ್ತಾಗಿರುವುದಕ್ಕೆ ಇದು ಹೊಂದುತ್ತದೆ. ಇನ್ನೊಂದು ಸಂಗತಿಯೂ ಹೊಂದುತ್ತದೆ. ಭೂಮಿಯ ಕಡೆಯಿಂದ ಬಂದ ಸರ ಚಂದ್ರನ ಭೂಮಿಗೆ ಎದುರಾದ ಮುಖಕ್ಕೇ ಬಡಿಯಬೇಕು. ಡೇವಿ, ಅಬುಲ್‌ಫಿದಾ ಎರಡೂ ಇರುವುದು ಆ ಮುಖದಲ್ಲೇ. ಇಷ್ಟು ಹತ್ತಿರ ಹಾದು, ಒಡೆದು, ಗುರಿಯಿಟ್ಟಂತೆ ಚಂದ್ರನಿಗೆ ಬಡಿಯುವ ಯೋಗ ಎಷ್ಟು ಅಪರೂಪವೆಂದರೆ, ಚಂದ್ರನ ಇಡೀ ಇತಿಹಾಸದಲ್ಲಿ ಒಂದೆರಡು ಸಾಲುಗಳಷ್ಟೇ ಹೀಗೆ ಹುಟ್ಟಿರಬಹುದು ಎನ್ನುತ್ತವೆ ಮುಂದೆ ನಡೆದ ಲೆಕ್ಕಗಳು. ವಾದ ಪೂರ್ತಿ ಮುಗಿದಿಲ್ಲ. ಅಬುಲ್‌ಫಿದಾ ವಿಷಯದಲ್ಲಿ ಅನುಮಾನಗಳಿವೆ. ಡೇವಿಯ ಮಟ್ಟಿಗೆ ಮಾತ್ರ ಇದಕ್ಕಿಂತ ಚೆನ್ನಾಗಿ ಕೂರುವ ವಿವರಣೆ ಇನ್ನೊಂದಿಲ್ಲ.

ಯಾವ ಕುಳಿ ಎಲ್ಲಿಂದ ಬಂತು ಎಂಬ ಈ ವಂಶಾವಳಿಯ ಜಗಳ ತಜ್ಞರಿಗೆ ಮಾತ್ರ ಸೇರಿದ್ದಲ್ಲ. ಗ್ರಹಗಳ ನೆಲದ ವಯಸ್ಸನ್ನು ಅಳೆಯುವುದೇ ಕುಳಿ ಎಣಿಸಿ: ಹೆಚ್ಚು ಕುಳಿಗಳಿದ್ದರೆ ಹಳೆಯ ನೆಲ, ಕಡಿಮೆ ಇದ್ದರೆ ಹೊಸದು. ಒಂದೇ ಹೊಡೆತದಲ್ಲಿ ಹುಟ್ಟಿದ ಮರಿಗಳನ್ನು ಬೇರೆ ಬೇರೆ ಹೊಡೆತಗಳೆಂದು ಎಣಿಸಿದರೆ ಲೆಕ್ಕ ಕೆಡುತ್ತದೆ. ಮಂಗಳ ಗ್ರಹದ ಜುನಿಲ್ ಎಂಬ ಕೇವಲ 10 ಕಿ.ಮೀ. ಅಗಲದ ಕುಳಿಯೊಂದೇ ಸುಮಾರು ಒಂದು ಕೋಟಿ ಮರಿಕುಳಿಗಳನ್ನು ಹುಟ್ಟಿಸಿರಬಹುದು ಎಂದು 2005ರಲ್ಲಿ ವಿಜ್ಞಾನಿ ಆಲ್ಫ್ರೆಡ್ ಮೆಕ್‌ಯೂಯನ್ ಅವರ ತಂಡ ತೋರಿಸಿದಾಗ ಕುಳಿ ಎಣಿಸುವವರು ತಮ್ಮ ಹಳೆಯ ಪಟ್ಟಿಗಳನ್ನು ಮತ್ತೆ ಬಿಚ್ಚಬೇಕಾಯಿತು.

ನೌಕೆ ಇಳಿಸುವವರಿಗೂ ಇದರ ಬಿಸಿ ತಟ್ಟುತ್ತದೆ. ಚಂದ್ರಯಾನ-3ರ ಜಾಗವನ್ನು ಆಯುವಾಗ ಇಸ್ರೋಗೆ ನೆರವಾದದ್ದು ಚಂದ್ರಯಾನ-2ರ ಕಕ್ಷಾನೌಕೆಯ ಕ್ಯಾಮೆರಾ. ಅದು ನೆಲದ ಮೇಲಿನ ಮೂವತ್ತು ಸೆಂಟಿಮೀಟರಿನ ವಿವರವನ್ನೂ ಹಿಡಿಯಬಲ್ಲದು. 2023ರ ಆಗಸ್ಟ್ 23ರಂದು ವಿಕ್ರಮ್ ಕ್ಷೇಮವಾಗಿ ಇಳಿಯಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಪ್ರಜ್ಞಾನ್ ರೋವರ್‌ನ ಎದುರಿಗೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಬೆಂಗಳೂರಿನಿಂದ ಹೋದ ಆದೇಶದಂತೆ ರೋವರ್ ಬಂದ ದಾರಿಯಲ್ಲೇ ಹಿಂದಿರುಗಿ ಬೇರೆ ಹಾದಿ ಹಿಡಿಯಿತು. ಆ ಜಾಗವೇ ಸವೆದು ಹೂತುಹೋದ ಸುಮಾರು 160 ಕಿ.ಮೀ. ಅಗಲದ ಪುರಾತನ ಕುಳಿಯೊಳಗಿದೆ ಎಂದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಮರುವರ್ಷ ತಿಳಿಸಿದರು.

ಕುಳಿಸಾಲುಗಳನ್ನು ಕಣ್ಣಾರೆ ನೋಡಬೇಕೆಂದರೆ ಹುಣ್ಣಿಮೆ ಕೆಲಸಕ್ಕೆ ಬಾರದು. ನೆತ್ತಿಯ ಬಿಸಿಲಿನಲ್ಲಿ ನೆರಳಿಲ್ಲ, ನೆರಳಿಲ್ಲದಿದ್ದರೆ ಕುಳಿ ಕಾಣದು. ಬೆಳಕು ಕತ್ತಲೆ ಸೇರುವ ಗಡಿಯ ಬಳಿ ಓರೆಬಿಸಿಲು ಬಿದ್ದಾಗ ಪ್ರತಿ ಗುಳಿಯೂ ಎದ್ದು ತೋರುತ್ತದೆ. ಶುಕ್ಲ ಪಕ್ಷದ ಸಪ್ತಮಿಯ ಹೊತ್ತಿಗೆ ಆ ಗಡಿ ಅಬುಲ್‌ಫಿದಾ ಬಳಿ ಇರುತ್ತದೆ, ಅಷ್ಟಮಿ ನವಮಿಗೆ ಡೇವಿಯ ಮೇಲೆ, ದಶಮಿಗೆ ಸ್ಟೇಡಿಯಸ್ ಮತ್ತು ಕೋಪರ್ನಿಕಸ್ ಸುತ್ತ. ಹವ್ಯಾಸಿ ಖಗೋಳ ಸಂಘಗಳ ಸಾಧಾರಣ ದೂರದರ್ಶಕದಲ್ಲಿ ಸ್ಟೇಡಿಯಸ್‌ನ ಸಾಲು ಸುಲಭವಾಗಿ ಸಿಗುತ್ತದೆ. ಡೇವಿಯ ಚಿಕ್ಕ ಗುಳಿಗಳಿಗೆ ಆರೇಳು ಇಂಚಿನ ದರ್ಪಣ, ಅಲುಗದ ಗಾಳಿ, ಸ್ವಲ್ಪ ತಾಳ್ಮೆ ಬೇಕು. ಅಪೊಲೊ ಪಟ್ಟಿಯಿಂದ ಬಿಟ್ಟುಹೋದ ಆ ಇಪ್ಪತ್ಮೂರು ಕುಳಿಗಳ ಬಳಿ ಈವರೆಗೆ ಯಾವ ನೌಕೆಯೂ ಇಳಿದಿಲ್ಲ.